ಊಟಕ್ಕೆ ಮುಂಚಿನ ಪೂರ್ವಪಕ್ಷ

ನಲವತ್ತಾಗುವ ಮೊದಲೇ ಕೆಲಸ ಬಿಟ್ಟವನನ್ನು ನಿವೃತ್ತ ಎನ್ನಬಹುದೇ? ಎನ್ನಬಾರದು ಎಂದು ವಾದಿಸುವವರಿಗೆ ನನ್ನ ಉತ್ತರ ಸಿದ್ಧವಿದೆ. ನಿವೃತ್ತಿಗೂ ನರೆತ ಕೂದಲಿಗೂ ಸಂಬಂಧವಿಲ್ಲ. ಆ ಕೆಲಸಕ್ಕೆ ಇನ್ನು ಹಿಂದಿರುಗುವುದಿಲ್ಲ ಎಂಬ ಖಾತ್ರಿ ಯಾರಿಗಿದೆಯೋ ಅವನು ನಿವೃತ್ತ. ನನಗೆ ಆ ಖಾತ್ರಿ ಇದೆ. ನೋಡಿ, ಬರೆಯಲು ಕೂತ ಮೊದಲ ಪ್ಯಾರಾದಲ್ಲೇ ಒಂದು ವಾದ ಗೆದ್ದುಬಿಟ್ಟೆ. ಈ ಚಟ ನನ್ನ ಕೆಲಸದಲ್ಲಿ ಏನು ಮಾಡಿತು ಎಂಬುದನ್ನು, ಈಗ ಅದೇ ಕೆಲಸಕ್ಕೆ ಇಳಿಯುತ್ತಿರುವ ನಿಮಗೆ ಹೇಳಬೇಕಾಗಿದೆ.

ಕೆಲಸ ಇದು: ಯಂತ್ರ ಮಾಡುವವರಿಗೆ ಸಿದ್ಧಾಂತ ಪರಿಚಯ ಮಾಡಿಸುವುದು. ಕಳಸದ ಹೊರಗೆ ಕಾಫಿ ತೋಟವೊಂದರ ಹಳೆಯ ಬಂಗಲೆಯಲ್ಲಿ ಒಂದು ತರಬೇತಿ ಕೇಂದ್ರವಿತ್ತು. ಈಗ ಅದು ಹೋಂಸ್ಟೇ. ತೊಂಬತ್ತರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ನಾನಲ್ಲಿ ಪಾಠ ಮಾಡಿದೆ. ಲೇಸರ್ ಜೋಡಿಸುವವರು, ಅತಿಶೀತದಲ್ಲಿ ಲೋಹದ ಉಂಗುರಗಳನ್ನು ಇಟ್ಟು ಅಳೆಯುವವರು, ಒಂದೊಂದೇ ಬೆಳಕಿನ ಕಣವನ್ನು ಎಣಿಸುವವರು, ಇಂಥವರೆಲ್ಲ ದೂರದ ಪ್ರಯೋಗಾಲಯಗಳಿಂದ ಐದು ದಿನದ ಶಿಬಿರಕ್ಕೆ ಬರುತ್ತಿದ್ದರು. ಈಗ ಅವರ ಕೆಲಸಕ್ಕೆಲ್ಲ ಕ್ವಾಂಟಮ್ ತಂತ್ರಜ್ಞಾನ ಎಂಬ ದೊಡ್ಡ ಹೆಸರು ಬಂದಿದೆ. ಆಗ ಹೆಸರಿರಲಿಲ್ಲ, ಕೆಲಸ ಇತ್ತು. ಕೈ ಪಳಗಿದವರು, ಆದರೆ ತಮ್ಮ ಕೈ ಮಾಡುತ್ತಿರುವುದರ ಹಿಂದಿನ ಗಣಿತ ಕೇಳಿದರೆ ಅಂಗಳದ ಕಡೆ ನೋಡುವವರು.

ನನ್ನ ಅರ್ಹತೆ ಒಂದು ಸ್ನಾತಕೋತ್ತರ ಪದವಿ, ಮತ್ತು ಚಿಕ್ಕಮಗಳೂರಿನ ಕಾಲೇಜಿಗೆ ನಾನು ಗೆದ್ದುಕೊಟ್ಟಿದ್ದ ಚರ್ಚಾಸ್ಪರ್ಧೆಯ ಪಾರಿತೋಷಕಗಳು. ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದಾಗಲೇ ಗೊತ್ತಾಗುವುದು. ಯಾವ ಚೀಟಿ ಬಂದರೂ ಗೆಲ್ಲುತ್ತಿದ್ದೆ. ಇದನ್ನು ಬುದ್ಧಿವಂತಿಕೆ ಎಂದು ತಿಳಿದಿದ್ದೆ.

ಕೇಂದ್ರದ ಮುಖ್ಯಸ್ಥರು ಪ್ರಭಾಕರ ಭಟ್ಟರು, ಕಳಸದ ಪುರೋಹಿತರ ಮನೆಯಲ್ಲಿ ಹುಟ್ಟಿ ಭೌತಶಾಸ್ತ್ರ ಕಲಿಸಲು ಹೋದವರು. ಬಯ್ಯಬೇಕಾದರೂ ದನಿ ಏರಿಸುತ್ತಿರಲಿಲ್ಲ. ನಾನು ಸೇರಿದ ಮೊದಲ ಮಳೆಗಾಲದಲ್ಲಿ ಲೇಸರ್ ಗುಂಪೊಂದಕ್ಕೆ ಬೋರ್ಡು ತುಂಬಾ ಸಮೀಕರಣ ಬರೆದು ಮುಗಿಸಿದಾಗ, ಹಿಂದೆ ಕೂತಿದ್ದ ಒಬ್ಬರು, ಇದರಿಂದ ನಾನು ಯಾವ ತಿರುಪು ತಿರುಗಿಸಬೇಕು ಎಂದು ಕೇಳಿದರು. ತಿರುಪು ಸಡಿಲಾಗಿರುವುದು ಎಲ್ಲಿ ಎಂದು ಮೊದಲು ತಿಳಿದುಕೊಳ್ಳಿ ಎಂದೆ. ಎಲ್ಲರೂ ನಕ್ಕರು. ಶಿಬಿರ ಮುಗಿಯುವವರೆಗೆ ಆ ಮನುಷ್ಯ ಬಾಯಿ ಬಿಡಲಿಲ್ಲ.

ಅಂದು ಸಂಜೆ ಭಟ್ಟರು ಕಾಫಿ ಕುಡಿಯುತ್ತ ಹೇಳಿದರು: "ಅವ್ನು ಕೇಳಿದ್ದು ಸರಿಯಾದ ಪ್ರಶ್ನೆ ಮಾರಾಯ. ನಿನ್ನ ಸಮೀಕರಣಕ್ಕೆ ತಿರುಪಿನ ವಿಷ್ಯ ಗೊತ್ತಿಲ್ಲ ಅಂತ ಒಪ್ಕೊಂಡಿದ್ರೆ ಮುಗೀತಿತ್ತು. ನೀನು ಅವನ ಬಾಯಿ ಮುಚ್ಚಿಸ್ದೆ. ನಾವು ಇಲ್ಲಿ ಕೂತಿರೋದು ಬಾಯಿ ತೆರೆಸ್ಲಿಕ್ಕೆ."

ನಾನು ಅದಕ್ಕೂ ಪ್ರತಿವಾದ ಹೂಡಿದೆ. ಭಟ್ಟರು ಲೋಟ ತೊಳೆಯಲು ಎದ್ದು ಹೋದರು.

ಕೆಲವು ವರ್ಷಗಳ ಮೇಲೆ ಭಟ್ಟರು ಗೇಜ್ ಸಿದ್ಧಾಂತದ ಪರಿಚಯ ಶಿಬಿರ ಶುರು ಮಾಡಿದರು. ಗೇಟಿನ ಬಳಿ ಬೋರ್ಡು ಹಾಕಿದ್ದೇ ತಡ, ಪಕ್ಕದ ತೋಟದ ರುದ್ರೇಗೌಡರು ಜೀಪು ನಿಲ್ಲಿಸಿ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಕಾಫಿ ಬೆಳೆಯುವವರಿಗೆ ಗೇಜ್ ಎಂದರೆ ಒಂದೇ: ಅಂಗಳದ ಕಂಬದ ಮೇಲಿರುವ ಮಳೆ ಅಳೆಯುವ ಪಾತ್ರೆ. ಎರಡು ತೋಟದವರು ಎದುರಾದರೆ ಕ್ಷೇಮಸಮಾಚಾರಕ್ಕೆ ಮೊದಲು ಇಂಚಿನ ಲೆಕ್ಕ ಬರುತ್ತದೆ. ಗೌಡರು ಪೂರ್ತಿ ಪಾಠ ಕೇಳಿ, ಕೊನೆಗೆ ಎದ್ದು ನಿಂತರು.

"ಎಲ್ಲ ಚೆನ್ನಾಗಿತ್ತು ಮೇಷ್ಟ್ರೇ. ಮಳೆ ಎಲ್ಲಿ ಬಂತು?"

ಮಳೆಯ ವಿಷಯವಲ್ಲ ಎಂದು ವಿವರಿಸಲು ಹೋದೆ. ಅವರು ಬಿಡಲಿಲ್ಲ. ಪಕ್ಕದ ತೋಟದವರು ಗೇಜನ್ನು ಮರದಡಿ ಇಟ್ಟು ಸುಳ್ಳು ಇಂಚು ಹೇಳುತ್ತಾರೆ, ಅದನ್ನು ಈ ಸಿದ್ಧಾಂತದಲ್ಲಿ ಇತ್ಯರ್ಥ ಮಾಡಿಕೊಡಿ ಎಂದರು. ಅವರ ಜೊತೆ ವಾದಿಸುತ್ತ ವಾದಿಸುತ್ತ ನನಗೆ ಬೇಕಾದ ಉದಾಹರಣೆ ಸಿಕ್ಕಿಬಿಟ್ಟಿತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಕತೆಗೆ ಅದು ಬೇಕು.

ಈ ವರ್ಷ ಎಷ್ಟು ಮಳೆಯಾಯಿತು ಎಂದು ಕೇಳಿದರೆ ಪ್ರತಿ ತೋಟಕ್ಕೂ ತನ್ನದೇ ಸೊನ್ನೆ ಇರುತ್ತದೆ. ಒಬ್ಬರು ಜನವರಿಯಿಂದ ಎಣಿಸುತ್ತಾರೆ, ಇನ್ನೊಬ್ಬರು ಏಪ್ರಿಲ್‌ನಿಂದ, ಮತ್ತೊಬ್ಬರು ಕಾಫಿ ಹೂವಾಗಿಸುವ ಹೂಮಳೆಯಿಂದ. ಯಾರದೂ ತಪ್ಪಲ್ಲ. ಅವರವರ ಸೊನ್ನೆಯನ್ನು ಅವರವರು ಬೇಕಾದಲ್ಲಿ ಇಟ್ಟುಕೊಳ್ಳಬಹುದು. ಕ್ವಾಂಟಮ್ ಅಲೆಗೂ ಹಾಗೆಯೇ. ಅದಕ್ಕೆ ಪ್ರತಿ ಜಾಗದಲ್ಲೂ ಗಡಿಯಾರದ ಮುಳ್ಳಿನಂಥದೊಂದು ಇದೆ. ಯಾವ ದಿಕ್ಕನ್ನು ಹನ್ನೆರಡು ಗಂಟೆ ಎನ್ನಬೇಕೆಂಬುದು ಆಯಾ ಜಾಗದ ಸ್ವಾತಂತ್ರ್ಯ. ಈ ಸ್ವಾತಂತ್ರ್ಯದ ಹೆಸರೇ ಗೇಜ್. ಆದರೆ ಒಂದು ತೋಟದ ಇಂಚನ್ನು ಪಕ್ಕದ ತೋಟದ ಇಂಚಿಗೆ ಹೋಲಿಸಬೇಕಾದರೆ, ಬೇಲಿ ದಾಟುವಾಗ ಎಷ್ಟು ಕೂಡಬೇಕು, ಎಷ್ಟು ಕಳೆಯಬೇಕು ಎಂದು ತಿಳಿದಿರಬೇಕು. ಅದಕ್ಕೆ ನಾನು ಬೇಲಿ ಲೆಕ್ಕ ಎಂದು ಹೆಸರಿಟ್ಟೆ. ಒಬ್ಬರು ತಮ್ಮ ಸೊನ್ನೆ ಬದಲಿಸಿದರೆ ಅವರ ಸುತ್ತಲಿನ ಬೇಲಿ ಲೆಕ್ಕಗಳೆಲ್ಲ ಬದಲಾಗುತ್ತವೆ.

ಇನ್ನು ಗೌಡರ ಬಡಾಯಿ. ಕೆಳಗಿನ ತೋಟಕ್ಕಿಂತ ತಮ್ಮಲ್ಲಿ ಯಾವಾಗಲೂ ಎರಡಿಂಚು ಜಾಸ್ತಿ ಎಂದರು. ಕೆಳಗಿನ ತೋಟದವರು ಹೊಳೆಯಾಚೆಯ ತೋಟಕ್ಕಿಂತ ತಮ್ಮಲ್ಲಿ ಎರಡಿಂಚು ಜಾಸ್ತಿ ಎನ್ನುವುದನ್ನು ನಾನೇ ಕೇಳಿದ್ದೆ. ಹೊಳೆಯಾಚೆಯವರು ಗೌಡರ ತೋಟಕ್ಕಿಂತ ತಮ್ಮಲ್ಲಿ ಎರಡಿಂಚು ಜಾಸ್ತಿ ಎಂದು ಕಳಸದ ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಹಾಗಾದರೆ ಗೌಡರೇ, ನಿಮ್ಮ ತೋಟದಿಂದ ಹೊರಟು ಮೂರು ಬೇಲಿ ದಾಟಿ ನಿಮ್ಮ ತೋಟಕ್ಕೇ ವಾಪಸು ಬಂದರೆ, ನಿಮ್ಮ ಮಳೆ ನಿಮ್ಮ ಮಳೆಗಿಂತ ಆರಿಂಚು ಜಾಸ್ತಿ ಎಂದಾಯಿತಲ್ಲ ಎಂದೆ.

ಗೌಡರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಇರ್ಬೋದು ಮಾರಾಯ್ರೇ. ನಮ್ಮಲ್ಲಿ ಮಳೆ ಹೊಡೆಯೋದೇ ಹಾಗೆ."

ನಕ್ಕು ಮುಗಿದ ಮೇಲೆ ನೋಡಿ. ಮೂವರೂ ತಮ್ಮ ತಮ್ಮ ಸೊನ್ನೆಯನ್ನು ಎಷ್ಟು ಸಲ ಬೇಕಾದರೂ ಬದಲಿಸಲಿ. ಒಂದು ಬೇಲಿಯಲ್ಲಿ ಕಡಿಮೆಯಾದದ್ದು ಇನ್ನೊಂದು ಬೇಲಿಯಲ್ಲಿ ಜಾಸ್ತಿಯಾಗುತ್ತದೆ, ಸುತ್ತಿನ ಮೊತ್ತ ಮಾತ್ರ ಆರೇ. ಆ ಆರು ಯಾವ ಬೇಲಿಯಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗದು, ಆದರೂ ಅದನ್ನು ಅಳಿಸಲೂ ಆಗದು. ಮಳೆಯಲ್ಲಿ ಹೀಗಾದರೆ ಅದು ಬಡಾಯಿ. ಪ್ರಕೃತಿಯಲ್ಲಿ ಇದು ಯಾರ ಸುಳ್ಳೂ ಇಲ್ಲದೆ ಆಗುತ್ತದೆ: ಲೋಹದ ಉಂಗುರದ ನಡುವಿನ ತೂತಿನಲ್ಲಿ ಅಯಸ್ಕಾಂತದ ಬಲ ಹಾದುಹೋದರೆ, ಉಂಗುರದೊಳಗಿನ ಎಲೆಕ್ಟ್ರಾನಿಗೆ ಆ ಬಲ ತಾಗದಿದ್ದರೂ, ಒಂದು ಸುತ್ತು ಬರುವಷ್ಟರಲ್ಲಿ ಅದರ ಮುಳ್ಳು ತಿರುಗಿರುತ್ತದೆ. ಗೇಜ್ ಸಿದ್ಧಾಂತದ ಅರ್ಧ ಸತ್ಯ, ಬೇಲಿ ಲೆಕ್ಕ ನಮ್ಮ ಇಷ್ಟದ್ದು ಎಂಬುದು. ಇನ್ನರ್ಧ, ಸುತ್ತಿನ ಲೆಕ್ಕ ನಮ್ಮ ಇಷ್ಟದ್ದಲ್ಲ ಎಂಬುದು.

ನಾನು ಈ ಎರಡು ಅರ್ಧಗಳ ನಡುವೆ ಒಂದು ಊಟವನ್ನು ಇಟ್ಟೆ.

ಹೊಸ ಶತಮಾನದ ಮೊದಲ ವರ್ಷಗಳು. ಚಿಕ್ಕಮಗಳೂರಿನ ವೇದಾವತಿ ನಮ್ಮ ಹಳೆಯ ಶಿಬಿರಾರ್ಥಿ. ಅವಳ ತಾಯಿ ಅಲ್ಲಿಯ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜ ಆರಿಸುತ್ತಿದ್ದರು. ಅವಳು ದೂರದ ಪ್ರಯೋಗಾಲಯವೊಂದರಲ್ಲಿ ಆ ಅತಿಶೀತದ ಉಂಗುರಗಳ ಕೆಲಸದಲ್ಲಿದ್ದಳು. ಹಲವು ಉಂಗುರಗಳನ್ನು ಜಾಲವಾಗಿ ಜೋಡಿಸಿ, ಒಂದೊಂದನ್ನೂ ಮುಟ್ಟಿ ಕೆಡಿಸದೆ ಸುತ್ತಿನ ಲೆಕ್ಕವನ್ನು ಮಾತ್ರ ಓದಿ, ಎಲ್ಲೋ ತಪ್ಪಾಗಿದೆಯೆಂದು ಪತ್ತೆ ಹಚ್ಚುವ ವಿನ್ಯಾಸ ಅವಳದು. ಇವತ್ತು ನೀವೆಲ್ಲ ಇದನ್ನು ಬಲ್ಲಿರಿ. ಆಗ ಅದು ವಿಚಿತ್ರ ಮಾತಾಗಿತ್ತು. ಅವರಲ್ಲಿದ್ದದ್ದು ಒಂದೇ ಶೀತಯಂತ್ರ. ಅದರೊಳಗೆ ಮುಂದಿನ ಸಲ ಇಡುವುದು ಅವಳ ಜಾಲವನ್ನೋ, ಸಹೋದ್ಯೋಗಿಯೊಬ್ಬರ ಮಾಮೂಲಿ ತಂತಿಯನ್ನೋ ಎಂದು ಅವಳ ಮುಖ್ಯಸ್ಥರು ಆ ವಾರ ತೀರ್ಮಾನಿಸಬೇಕಿತ್ತು. ಅವಳ ಕೆಲಸದ ಅವಧಿ ಅದೇ ವರ್ಷ ಮುಗಿಯುತ್ತಿತ್ತು. ಈ ಸಲ ಒಳಗೆ ಹೋಗದಿದ್ದರೆ ಅವಳ ಜಾಲ ಇನ್ನು ಹೋಗುವಂತಿರಲಿಲ್ಲ.

ಆ ಮುಖ್ಯಸ್ಥರು, ಶ್ರೀಕಂಠಯ್ಯನವರು, ಮೈಸೂರು ಕಡೆಯವರು, ಒಳ್ಳೆಯ ಪ್ರಯೋಗಕಾರರು. ಕಾಗದದ ಮೇಲಿನ ಗಣಿತವನ್ನು ನಂಬದವರು. ವೇದಾವತಿ ಅವರನ್ನೂ ಇಡೀ ಗುಂಪನ್ನೂ ಒಪ್ಪಿಸಿ ನಮ್ಮ ಶಿಬಿರಕ್ಕೆ ಕರೆತಂದಳು. ಬಂದ ದಿನವೇ ನನ್ನನ್ನು ಕಾಫಿ ಒಣಗಿಸುವ ಕಣದ ಅಂಚಿಗೆ ಕರೆದು, "ಸಾರ್, ನಾನು ಹೇಳಿದ್ರೆ ನನ್ನ ಸ್ವಾರ್ಥ ಅನ್ಸುತ್ತೆ. ನೀವು ಹೇಳಿದ್ರೆ ಫಿಸಿಕ್ಸ್ ಅನ್ಸುತ್ತೆ," ಎಂದಳು.

ನಾನು ಯೋಜನೆ ಹಾಕಿದೆ. ಚರ್ಚೆಯಲ್ಲಿ ನಾನು ಕಲಿತ ದೊಡ್ಡ ಪಟ್ಟು, ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ ಆಮೇಲೆ ಮುರಿಯುವುದು. ನಮ್ಮ ಶಾಸ್ತ್ರಗಳಲ್ಲೂ ಪದ್ಧತಿ ಅದೇ, ಮೊದಲು ಪೂರ್ವಪಕ್ಷ, ಆಮೇಲೆ ಸಿದ್ಧಾಂತ. ಬೆಳಿಗ್ಗೆ ಬೇಲಿ ಲೆಕ್ಕ ಬರೀ ಕಾಗದದ ಗೊಂಬೆ ಎಂದು ಸಾಧಿಸುತ್ತೇನೆ, ಊಟದ ಹೊತ್ತಿನಲ್ಲಿ ಅದು ಅವರ ತಲೆಯಲ್ಲಿ ಕುದಿಯಲಿ, ಮಧ್ಯಾಹ್ನ ಸುತ್ತಿನ ಲೆಕ್ಕ ತಂದು ಕೆಡವುತ್ತೇನೆ. ಭಟ್ಟರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು.

"ಪೂರ್ವಪಕ್ಷ ಹೇಳಿ ಊಟಕ್ಕೆ ಬಿಡಬೇಡ ಮಾರಾಯ. ನಮ್ಮ ಅಜ್ಜಯ್ಯ ಪಾಠ ಹೇಳುವಾಗ ಎರಡೂ ಮುಗಿಸದೆ ಎಲೆ ಹಾಕಿಸ್ತಿರ್ಲಿಲ್ಲ."

ಸಂಪ್ರದಾಯವೆಂಬ ಕಾರಣಕ್ಕೇ ಒಂದು ಮಾತನ್ನು ಒಪ್ಪುವವನಲ್ಲ ನಾನು. ನಕ್ಕುಬಿಟ್ಟೆ.

ಮರುದಿನ ಬೆಳಿಗ್ಗೆಯ ಪಾಠ ನನ್ನ ಜೀವನದ ಅತ್ಯುತ್ತಮ ಪಾಠ. ಇದನ್ನು ಹೇಳಿಕೊಳ್ಳಲು ಈಗಲೂ ಮೈ ಹಿಡಿಯಾಗುತ್ತದೆ. ನಿಮ್ಮ ಇಷ್ಟದಂತೆ ಬದಲಾಗುವುದು ನಿಜವೇ? ಯಾವ ಮೀಟರಿನ ಮುಳ್ಳೂ ತೋರಿಸದ್ದು ನಿಜವೇ? ನಾವೇ ಬರೆದು, ನಾವೇ ಅಳಿಸಿ, ಯಾರಿಗೂ ವ್ಯತ್ಯಾಸವೇ ಆಗದ ವಸ್ತುವಿಗೆ ಯಂತ್ರ ಕಟ್ಟಲು ಹೊರಟವನು ನೆರಳಿಗೆ ಅಂಗಿ ಹೊಲಿಸುವವನು. ಹೀಗೆ ಒಂದರ ಮೇಲೊಂದು ಏರಿಸುತ್ತ ಹೋದೆ. ಮುಂದಿನ ಸಾಲಿನಲ್ಲಿ ಶ್ರೀಕಂಠಯ್ಯನವರ ಮುಖ ಅರಳುತ್ತಿತ್ತು. ಅವರ ಹಿಂದೆ ವೇದಾವತಿ ನಿಶ್ಚಿಂತೆಯಿಂದ ಕೂತಿದ್ದಳು. ಮಧ್ಯಾಹ್ನ ಬರುವುದು ಅವಳಿಗೆ ಗೊತ್ತಿತ್ತು. ನೆರಳಿನ ಅಂಗಿಯ ಮಾತಿಗೆ ಸರಿಯಾಗಿ ಊಟದ ಗಂಟೆ ಹೊಡೆಯಿತು. ಚಪ್ಪಾಳೆ ಬಿತ್ತು.

ಶ್ರೀಕಂಠಯ್ಯನವರು ಬಂದು ಎರಡೂ ಕೈ ಹಿಡಿದುಕೊಂಡರು. ಇಷ್ಟು ವರ್ಷ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ ಎಂದರು. ಮಧ್ಯಾಹ್ನ ಇನ್ನೂ ಇದೆ ಸಾರ್ ಎಂದೆ. ಆಗಲಿ ಆಗಲಿ ಎಂದರು. ನಾನು ಕೈ ತೊಳೆದು ಊಟದ ಮನೆಗೆ ಬಂದಾಗ ಅವರಿರಲಿಲ್ಲ. ಇಷ್ಟು ದೂರ ಬಂದು ಅಮ್ಮನವರ ದರ್ಶನ ಮಾಡದೆ ಹೋಗುವುದೇ ಎಂದು ಕಾರು ಮಾಡಿಕೊಂಡು ಹೊರನಾಡಿಗೆ ಹೋದರಂತೆ, ಅಲ್ಲೇ ಊಟ ಮುಗಿಸಿ ಹಾಗೇ ಊರಿಗೆ ಹೊರಡುತ್ತಾರಂತೆ. ಬೇಕಾದದ್ದು ತಿಳಿಯಿತು, ಉಳಿದ ದಿನ ಹುಡುಗರು ಕಲಿಯಲಿ ಎಂದರಂತೆ. ಅಡುಗೆಯವರು ಇಷ್ಟು ಹೇಳಿ ನನಗೆ ಅನ್ನ ಬಡಿಸಿದರು.

ಎಲೆ ಬಿಟ್ಟು ಎದ್ದೆ. ಅಂಗಳದಲ್ಲಿ ರುದ್ರೇಗೌಡರ ಜೀಪಿತ್ತು. ಗೌಡರು ಒಂದೂ ಪ್ರಶ್ನೆ ಕೇಳದೆ ಹತ್ತಿಸಿಕೊಂಡರು. ಹೊಳೆ ದಾಟಿ ಏರು ಹತ್ತುವಾಗ ಮಾತ್ರ, "ಎಂತ ಮೇಷ್ಟ್ರೇ, ಸಾಲಗಾರ ತಪ್ಪಿಸ್ಕೊಂಡ್ನಾ?" ಎಂದರು.

ಹೊರನಾಡಿನಲ್ಲಿ ಗಂಡಸರು ಅಂಗಿ ಬಿಚ್ಚಿ ಒಳಗೆ ಹೋಗಬೇಕು. ದೇವರನ್ನು ನಂಬದವನೆಂದು ಊರಿಗೆಲ್ಲ ಡಂಗುರ ಹೊಡೆದಿದ್ದ ನಾನು ಅಂಗಿ ಬಿಚ್ಚಿ, ಗೌಡರ ಟವೆಲನ್ನು ಹೆಗಲಿಗೆ ಹಾಕಿಕೊಂಡು ಊಟದ ಸಾಲುಗಳಲ್ಲಿ ಶ್ರೀಕಂಠಯ್ಯನವರನ್ನು ಹುಡುಕಿದೆ. ಸಾರನ್ನಕ್ಕೆ ಕೈಹಾಕಿದ್ದರು. ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತೆ. ನನ್ನ ಮುಂದೆಯೂ ಬಡಿಸಿದರು. ಊಟ ಮಾಡದೆ ಅಲ್ಲಿ ಕೂರುವಂತಿಲ್ಲ, ಊಟ ಮಾಡುತ್ತ ಮಾತಾಡಲಾಗದು. ತುತ್ತಿನ ನಡುವೆ ಮೂರು ತೋಟ, ಮೂರು ಬೇಲಿ, ಸುತ್ತಿನ ಮೊತ್ತ ಎಲ್ಲವನ್ನೂ ಹೇಳಿದೆ. ಬೆಳಿಗ್ಗೆ ಹೇಳಿದ್ದು ಪೂರ್ವಪಕ್ಷ, ಅದನ್ನೇ ತೀರ್ಮಾನವೆಂದು ತಿಳಿಯಬೇಡಿ ಎಂದು ಬೇಡಿಕೊಂಡೆ. ಎದುರು ಸಾಲಿನ ಹೆಂಗಸೊಬ್ಬರು ನಮ್ಮಿಬ್ಬರ ಮಧ್ಯೆ ಆಸ್ತಿ ವ್ಯಾಜ್ಯವಿದೆ ಎಂದುಕೊಂಡರೋ ಏನೋ, ಮರುಕದಿಂದ ನೋಡುತ್ತಿದ್ದರು.

ಶ್ರೀಕಂಠಯ್ಯನವರು ಪೂರ್ತಿ ಕೇಳಿಸಿಕೊಂಡರು. ಪಾಯಸ ಬಂದ ಮೇಲೆ ಹೇಳಿದರು:

"ಬೆಳಿಗ್ಗೆ ಇಲ್ಲ ಅಂದ್ರಿ. ಈಗ ಇದೆ ಅಂತೀರಿ. ಎರಡೂ ಚೆನ್ನಾಗೇ ಹೇಳಿದ್ರಿ, ಇಲ್ಲ ಅನ್ನಲ್ಲ. ಆದ್ರೆ ಬೆಳಿಗ್ಗೆ ಹೇಳುವಾಗ ನಿಮ್ಮ ಕಣ್ಣಲ್ಲಿ ಒಂದು ಬೆಳಕಿತ್ತು ನೋಡಿ, ಅದು ಈಗ ಇಲ್ಲ. ಪಾಪ, ಆ ಹುಡುಗಿ ಕಳ್ಸಿದ್ಲಾ ನಿಮ್ಮನ್ನ?"

ಇಲ್ಲ ಎಂದೆ. ಅವರು ನಂಬಲಿಲ್ಲ. ನಂಬದಿರಲು ಅವರಿಗೆ ಕಾರಣವಿತ್ತು. ಹೊರಡುವ ಮುಂಚೆಯೇ ಕೇಂದ್ರದ ಫೋನಿನಿಂದ ಪ್ರಯೋಗಾಲಯಕ್ಕೆ ಹೇಳಿಯಾಗಿದೆ, ತಂತಿಯನ್ನೇ ಇಡುತ್ತಾರೆ ಎಂದರು. ಎದ್ದು ಕೈ ತೊಳೆಯಲು ಹೋಗುವಾಗ ನನ್ನ ಬರಿ ಬೆನ್ನನ್ನು ತಟ್ಟಿದರು. ಬೇಸರ ಮಾಡಿಕೊಳ್ಳಬೇಡಿ, ನಿಮ್ಮಂಥ ಮಾತುಗಾರರು ವಕೀಲರಾಗಬೇಕಿತ್ತು ಎಂದರು. ಹೊಗಳಿಕೆಯಾಗಿಯೇ ಹೇಳಿದರು.

ವಾಪಸು ಬರುವಾಗ ನಾನು ಮಧ್ಯಾಹ್ನದ ತರಗತಿಯನ್ನೇ ಬಿಟ್ಟು ಬಂದಿದ್ದೇನೆಂಬುದು ನೆನಪಾಯಿತು. ಬಂಗಲೆಯ ಜಗಲಿ ಹತ್ತಿದಾಗ ಒಳಗೆ ವೇದಾವತಿಯ ದನಿ ಕೇಳುತ್ತಿತ್ತು. ಬೋರ್ಡಿನ ಮೇಲೆ ಮೂರು ತೋಟಗಳಿದ್ದವು. ಅವಳು ಪೂರ್ವಪಕ್ಷ, ಸಿದ್ಧಾಂತ ಎಂದೇನೂ ಹೋಗಿರಲಿಲ್ಲ. ಮೊದಲೇ ಸುತ್ತಿನ ಮೊತ್ತ ಬರೆದು, ಇದು ಅಳಿಯುವುದಿಲ್ಲ, ಯಾಕೆ ಎಂದು ನೋಡೋಣ ಎಂದು ಅಲ್ಲಿಂದ ಹಿಂದಕ್ಕೆ ಹೋಗುತ್ತಿದ್ದಳು. ಗುಂಪಿನವರು ಬಾಯಿ ಬಿಟ್ಟು ಕೇಳುತ್ತಿದ್ದರು, ನಡುನಡುವೆ ಜಗಳ ತೆಗೆಯುತ್ತಿದ್ದರು, ಎದ್ದು ಬಂದು ಬೇಲಿ ತಿದ್ದುತ್ತಿದ್ದರು. ಹಿಂದಿನ ಗೋಡೆಗೆ ಒರಗಿ ಭಟ್ಟರು ನಿಂತಿದ್ದರು. ನನ್ನನ್ನು ನೋಡಿ ಏನೂ ಹೇಳಲಿಲ್ಲ. ಆ ದಿನ ಅವರು ಬೈದಿದ್ದರೆ ನಾನು ಇನ್ನೂ ಕೆಲವು ವರ್ಷ ಅಲ್ಲೇ ಇರುತ್ತಿದ್ದೆನೇನೋ.

ಎಲ್ಲರೂ ಕಾಫಿಗೆ ಹೋದ ಮೇಲೆ ಒಳಗೆ ಹೋಗಿ ತೀರ್ಮಾನವಾದದ್ದನ್ನು ಹೇಳಿದೆ. ವೇದಾವತಿ ಬೋರ್ಡಿನ ಕಡೆ ತಿರುಗಿ ಒಂದು ತೋಟವನ್ನು ಒರೆಸಿದಳು, ಉಳಿದೆರಡನ್ನು ಹಾಗೇ ಬಿಟ್ಟಳು.

"ಸಾರ್, ಒಂದು ಕೇಳ್ತೀನಿ. ಬೆಳಿಗ್ಗೆ ಹೇಳಿದ್ದನ್ನ ನೀವು ನಂಬ್ತೀರಾ, ಮಧ್ಯಾಹ್ನ ಹೇಳ್ಬೇಕಿದ್ದದ್ದನ್ನ ನಂಬ್ತೀರಾ?"

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಊಟವನ್ನು ನಡುವೆ ಇಟ್ಟದ್ದು ಎಡವಟ್ಟು. ಎಡವಟ್ಟು ಯಾರಿಗಾದರೂ ಆಗುತ್ತದೆ, ಅದಕ್ಕೆ ನಾಚಿಕೆಪಟ್ಟು ಮುಗಿಸಬಹುದು. ಮುಗಿಯದ ನಾಚಿಕೆ ಇದು: ಶ್ರೀಕಂಠಯ್ಯನವರು ನನ್ನ ಕಣ್ಣಲ್ಲಿ ಕಂಡದ್ದು ಸರಿಯಾಗಿತ್ತು. ಬೆಳಗಿನ ಪಾಠ ಅಷ್ಟು ಚೆನ್ನಾಗಿ ಬಂದದ್ದು ನನ್ನೊಳಗಿನ ಸಂಶಯವಾದಿ ಅದನ್ನೇ ನಂಬಿದ್ದರಿಂದ. ಸುತ್ತಿನ ಲೆಕ್ಕದ ಗಣಿತ ನನಗೆ ಗೊತ್ತಿತ್ತು, ಪ್ರಯೋಗಗಳ ವಿಷಯ ಓದಿದ್ದೆ, ಬೋರ್ಡಿನ ಮೇಲೆ ಸಾಧಿಸಬಲ್ಲವನಾಗಿದ್ದೆ. ಆದರೆ ಬೆರಳಿಟ್ಟು ತೋರಿಸಲಾಗದ್ದು ಇದೆ ಎಂದು ಒಪ್ಪುವುದಕ್ಕೆ ನನ್ನ ಜಂಬ ಬಿಡುತ್ತಿರಲಿಲ್ಲ. ಚೀಟಿ ಎತ್ತಿ ವಾದಿಸುತ್ತ ಬಂದವನಿಗೆ ತನ್ನದೆಂಬ ಚೀಟಿ ಯಾವುದೆಂದು ತಾನೇ ಕೇಳಿಕೊಂಡು ಅಭ್ಯಾಸವಿರಲಿಲ್ಲ. ಅವಳು ವರ್ಷಗಟ್ಟಲೆ ಆ ಉಂಗುರಗಳ ಜೊತೆ ಬದುಕಿದ್ದವಳು. ಇಂಥವನ ಕೈಗೆ ತನ್ನ ಕೆಲಸ ಕೊಟ್ಟಿದ್ದಳು.

ಇಷ್ಟನ್ನು ಅಂದು ಅವಳಿಗೆ ಹೇಳಬಹುದಿತ್ತು. ಹೇಳಿದ್ದು ಇದು: "ಮಧ್ಯಾಹ್ನದ್ದನ್ನ ನಾನಿನ್ನೂ ಹೇಳೇ ಇಲ್ಲವಲ್ಲ ವೇದಾವತಿ."

ಜಾಣ ಉತ್ತರ. ಸ್ಪರ್ಧೆಯಾಗಿದ್ದರೆ ಅಂಕ ಬೀಳುತ್ತಿತ್ತು.

ಅವಳು ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟು, ಶ್ರೀಕಂಠಯ್ಯನವರು ಬೆಳಿಗ್ಗೆ ಕೂತಿದ್ದ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಳು.

"ಹಾಗಾದ್ರೆ ಈಗ ಹೇಳಿ ಸಾರ್. ನಾನಿದೀನಿ."

ಅವಳು ಒರೆಸಿದ್ದ ತೋಟವನ್ನು ಮತ್ತೆ ಬರೆದೆ. ಮೂರು ಬೇಲಿ ಹಾಕಿದೆ. ಒಂದೊಂದೇ ಬೇಲಿ ದಾಟಿಸುತ್ತ, ಸೊನ್ನೆ ಬದಲಿಸಿ ತೋರಿಸುತ್ತ, ಅದನ್ನು ನನಗಿಂತ ಚೆನ್ನಾಗಿ ಬಲ್ಲ ಒಬ್ಬಳಿಗೆ ಇಡೀ ಸಿದ್ಧಾಂತವನ್ನು ಹೇಳಿದೆ. ಅವಳು ಕೊನೆಯವರೆಗೆ ಕೂತು ಕೇಳಿದಳು.